ರಾಜ ಕೊಂಡುಕೊಂಡ ಒಂದೇ ಒಂದು ಮಾತು

ಒಂದಾನೊಂದು ಊರಿನಲ್ಲಿ ಕೆಂಚರಾಯ ಅಂತ ಒಬ್ಬ ರಾಜ ಇದ್ದ. ಆ ಊರು ಎಲ್ಲಿತ್ತು ಅಂತ ಮಧ್ಯೆ ಬಾಯಿ ಹಾಕಬೇಡಿ. ಇದ್ದಲ್ಲಿ ಇತ್ತು. ಕತೆ ಕೇಳೋಕೆ ಕೂತಿದ್ದೀರೋ, ಊರು ಅಳೆಯೋಕೆ ಬಂದಿದ್ದೀರೋ?

ಈ ಕೆಂಚರಾಯನಿಗೆ ರಾಜ್ಯದ ಮೇಲೆ ಗಮನ ಇರಲಿಲ್ಲ. ರಾಣಿಯ ಮೇಲೂ ಗಮನ ಇರಲಿಲ್ಲ. ಇದ್ದ ಗಮನವೆಲ್ಲ ಮೀಸೆಯ ಮೇಲೆ. ಎಂಥ ಮೀಸೆ ಅಂತೀರಿ, ಎರಡು ತುದಿಗೂ ಒಂದೊಂದು ನಿಂಬೆಹಣ್ಣು ಕೂರಿಸಿದರೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹರಳೆಣ್ಣೆ ಹಚ್ಚಿ, ತಿರುವಿ, ಕನ್ನಡಿ ಮುಂದೆ ಕೂತರೆ ಮಧ್ಯಾಹ್ನವೇ ಏಳೋದು. ಅಷ್ಟು ಕಷ್ಟಪಟ್ಟು ನಿಲ್ಲಿಸಿದ ಮೀಸೆ, ರಾಜ ಬಾಯಿ ಬಿಟ್ಟ ತಕ್ಷಣ ಅಲುಗಾಡುತ್ತಿತ್ತು. ‘ಅಮ್ಮ’ ಅಂದರೆ ಕೆಳಗೆ. ‘ಅಪ್ಪ’ ಅಂದರೆ ಮೇಲೆ. ‘ಹಪ್ಪಳ’ ಅಂದರೆ ಎಣ್ಣೆಯೆಲ್ಲ ಮಂತ್ರಿಯ ಮುಖಕ್ಕೆ.

“ಮಾತಾಡೋದನ್ನೇ ಬಿಟ್ಟುಬಿಡಿ ಪ್ರಭು, ಕೈಸನ್ನೆ ಮಾಡಿ” ಅಂದ ಮಂತ್ರಿ, ಮುಖ ಒರೆಸಿಕೊಳ್ಳುತ್ತ.

“ಎರಡು ಕೈಯೂ ಮೀಸೆ ಮೇಲೇ ಇದ್ದಾವಲ್ಲಯ್ಯ” ಅಂದ ರಾಜ. ಅಷ್ಟು ಅಂದಿದ್ದಕ್ಕೆ ಎಡಗಡೆಯದು ಜಾರಿತು.

ಸರಿ, ಡಂಗುರ ಹೊಡೆಸಿದರು. ಮೀಸೆ ಅಲುಗಿಸದ ಮಾತು ಯಾರು ತಂದುಕೊಡ್ತಾರೋ ಅವರು ಕೇಳಿದ್ದು ಕೊಡ್ತೀವಿ.

ಒಬ್ಬೊಬ್ಬರೂ ಒಂದೊಂದು ಮಾತು ಹೊತ್ತುಕೊಂಡು ಬಂದರು. ಒಂದೂ ಆಗಲಿಲ್ಲ. ಕೊನೆಗೆ ಕಡಲಾಚೆಯಿಂದ ಟೊಪ್ಪಿಗೆ ಹಾಕಿಕೊಂಡ ಒಬ್ಬ ವ್ಯಾಪಾರಿ ಬಂದ. ಎತ್ತಿನ ಗಾಡಿ, ಗಾಡಿ ಮೇಲೆ ಒಂದು ಖಾಲಿ ಟ್ರಂಕು, ಜೇಬಲ್ಲಿ ಒಂದು ಬೆಂಕಿಪೊಟ್ಟಣ. ಅವನಿಗೆ ನಮ್ಮ ಮಾತು ಬರುತ್ತಿರಲಿಲ್ಲ. ಕೋಟೆ ಬಾಗಿಲ ಕಾವಲುಗಾರನ ಹತ್ತಿರ ನಾಲ್ಕು ಮಾತು ಕೈಬದಲು ಇಸಕೊಂಡು ಒಳಗೆ ಬಂದಿದ್ದ.

ಬೆಂಕಿಪೊಟ್ಟಣ ತೆಗೆದ. ಒಳಗೆ ಒಂದು ಸಣ್ಣ ಮಾತು ಮುದುಡಿಕೊಂಡು ಕೂತಿತ್ತು. ಬಡಕಲು, ಮೂಳೆ ಮೂಳೆ. ಅದರ ಹೆಸರು ‘ಸೆಟ್’.

“ಹಲ್ಲು ಕಚ್ಚಿ ಹೇಳಬೇಕು ದೊರೆ” ಅಂದ ವ್ಯಾಪಾರಿ.

ರಾಜ ಹಲ್ಲು ಕಚ್ಚಿ ಹೇಳಿದ, “ಸೆಟ್.” ಮೀಸೆ ಅಲುಗಲಿಲ್ಲ. ಇನ್ನೊಂದು ಸಲ ಹೇಳಿದ. ನಿಂಬೆಹಣ್ಣು ಇಟ್ಟುಕೊಂಡು ಹೇಳಿದ. ಉಹೂಂ, ಮೀಸೆ ಬಂಡೆಗಲ್ಲು.

“ಇದರ ಅರ್ಥ ಏನಯ್ಯ?”

“ಏನು ಬೇಕೋ ಅದು” ಅಂದ ವ್ಯಾಪಾರಿ. “ಮೊಸರು ಹೆಪ್ಪಾದರೆ ಸೆಟ್. ಮುರಿದ ಮೂಳೆ ಕೂಡಿಸಿದರೆ ಸೆಟ್. ಹೊತ್ತು ಮುಳುಗಿದರೆ ಸೆಟ್. ಕೈಗೆ ಬಳೆ, ಬಾಯಿಗೆ ಕಟ್ಟಿಸಿದ ಹಲ್ಲು, ಬಾವಿಗೆ ಪಂಪು, ತಟ್ಟೆಗೆ ದೋಸೆ, ಎಲ್ಲ ಸೆಟ್. ಹುಡುಗನಿಗೆ ಹುಡುಗಿ ಒಪ್ಪಿದರೂ ಸೆಟ್. ನಮ್ಮೂರಲ್ಲಿ ಇದರ ಅರ್ಥ ಓದೋಕೆ ಕೂತ ಪಂಡಿತರು ಗಡ್ಡ ನೆರೆದರೂ ಎದ್ದಿಲ್ಲ.”

ರಾಜನಿಗೆ ಆಶ್ಚರ್ಯ. “ಒಂದೇ ಮಾತು ಇಷ್ಟು ಕೆಲಸ ಮಾಡುತ್ತೋ? ಹಾಗಾದರೆ ನಮ್ಮ ಮಾತುಗಳು ಯಾಕಿರಬೇಕು? ಗಡಿಗೆಗೊಂದು ಮಾತು, ಮಡಕೆಗೊಂದು, ಬಿಂದಿಗೆಗೊಂದು, ಚೆಂಬಿಗೊಂದು. ಕೂಳಿಗೆ ದಂಡ, ಭೂಮಿಗೆ ಭಾರ.”

“ಅವನ್ನೇ ನನಗೆ ಕೊಡಿ ದೊರೆ. ಒಂದೂ ಬಿಡದೆ ಎಲ್ಲ ಕೊಡಿ.”

“ಏನು ಮಾಡ್ತೀಯ?”

“ದಿಂಬಿಗೆ ತುಂಬಿಸ್ತೀನಿ. ನಮ್ಮೂರ ಮಾತು ದಿಂಬಿಗೆ ಹಾಕಿದರೆ ಚುಚ್ಚುತ್ತೆ. ನಿಮ್ಮ ಮಾತಿನ ತುದಿ ಮೆತ್ತಗಿದೆ. ಅನ್ನ, ಮನೆ, ಹಾಲು, ಹಸು. ಎಲ್ಲಿ ತಲೆ ಇಟ್ಟರೂ ನಿದ್ದೆ ಬರುತ್ತೆ.”

ವ್ಯಾಪಾರ ಕುದುರಿತು. ಮಂತ್ರಿ ಏನೋ ಹೇಳೋಕೆ ಬಂದ. ರಾಜ ಹಲ್ಲು ಕಚ್ಚಿ “ಸೆಟ್” ಅಂದ. ಮಂತ್ರಿ ಕೂತುಬಿಟ್ಟ.

ಮಾರನೇ ದಿನ ರಾಜಭಟರು ಪೊರಕೆ, ಮೊರ ಹಿಡಿದು ಮನೆಮನೆಗೆ ಹೊರಟರು. ಕೈಗೆ ಮೊದಲು ಸಿಕ್ಕಿದ್ದು ‘ಸಾಕು’ ಅನ್ನೋ ಮಾತು. ಊಟದ ಪಂಕ್ತಿ ಬಿಟ್ಟರೆ ಆ ಊರಿನವರು ಅದನ್ನ ಬಳಸೋದೇ ಕಡಿಮೆ, ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿತ್ತು. ಅದನ್ನ ಟ್ರಂಕಿನ ತಳಕ್ಕೆ ಎಸೆದರು. ‘ಬೇಗ’ ತಾನೇ ಓಡಿಬಂದು ಬಿತ್ತು. ‘ಸುಮ್ಮನೆ’ ಏನೂ ಅನ್ನದೆ ಬಂದು ಕೂತಿತು. ‘ನಾಳೆ’ ಮಾತ್ರ ಬರ್ತೀನಿ ಬರ್ತೀನಿ ಅಂತ ಸತಾಯಿಸಿತು, ಕಿವಿ ಹಿಡಿದು ಎಳಕೊಂಡು ಬಂದರು. ‘ಅಯ್ಯೋ’ವನ್ನ ಎಷ್ಟು ಸಲ ಗುಡಿಸಿದರೂ ಇನ್ನೊಬ್ಬರ ಬಾಯಿಂದ ಬೀಳುತ್ತಿತ್ತು. ಡಂಗುರದವನು ಅಪ್ಪಣೆ ಸಾರಿ ಮುಗಿಸಿದ ಮೇಲೆ ಅವನ ಅಪ್ಪಣೆಯನ್ನೂ ಮೊರಕ್ಕೆ ಹಾಕಿಕೊಂಡರು.

ಹಾಗೆ ಗುಡಿಸುತ್ತ ಗುಡಿಸುತ್ತ ಮುದ್ದಜ್ಜಿಯ ಮನೆಗೆ ಬಂದರು.

ಮುದ್ದಜ್ಜಿ ಯಾರು ಅಂದರೆ, ಊರಿನ ಯಾರ ಮನೆಯಲ್ಲಿ ಸಮಾರಂಭ ಆದರೂ ಪಂಕ್ತಿಗೆ ಬಡಿಸೋಳು ಅವಳೇ. ಆ ಊರಲ್ಲಿ ಒಂದು ಪದ್ಧತಿ. ಉಣ್ಣುವವನು ಬಾಯಿಬಿಟ್ಟು ‘ಸಾಕು’ ಅನ್ನೋವರೆಗೆ ಬಡಿಸೋದು ನಿಲ್ಲಿಸೋ ಹಾಗಿಲ್ಲ. ಎಲೆಗೆ ಕೈ ಅಡ್ಡ ಇಟ್ಟರೆ ನಾಚಿಕೆ ಅಂತ ಲೆಕ್ಕ, ಬೆರಳ ಸಂದಿಯಲ್ಲೇ ಬಡಿಸಬೇಕು. ಪಂಕ್ತಿ ಮುಗಿಯೋ ಮೊದಲು ಯಾರೂ ಏಳೋ ಹಾಗಿಲ್ಲ. ಒಂದು ಸಲ ಬೀಗರೊಬ್ಬರು ದಾಕ್ಷಿಣ್ಯಕ್ಕೆ ಬಿದ್ದು ‘ಸಾಕು’ ಅನ್ನದೆ ಕೂತು, ಕೊನೆಗೆ ಅವರನ್ನ ಬಾಗಿಲ ಚೌಕಟ್ಟು ಬಿಚ್ಚಿ ಆಚೆ ತಂದರು.

ಈ ಮುದ್ದಜ್ಜಿಯ ಮಗಳು ಚೆಲುವಿ. ಎಷ್ಟೋ ವರ್ಷ ಕಾದು, ಹರಕೆ ಹೊತ್ತು, ಚೆಲುವಿಗೆ ಹೆಣ್ಣುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡೋ ದಿನ ಹತ್ತಿರ ಬಂದಿತ್ತು. ಹೆಸರು ಮುದ್ದಜ್ಜಿಯ ಹತ್ತಿರ ಇತ್ತು. ಅದನ್ನ ಅವಳು ಹಿಂದೆ ಚೆಲುವಿಗೇ ಇಡಬೇಕು ಅಂತಿದ್ದಳು. ಅತ್ತೆ ಬಿಡಲಿಲ್ಲ, ತನಗೆ ಬೇಕಾದ ಹೆಸರಿಟ್ಟಳು. ಮುದ್ದಜ್ಜಿ ತುಟಿ ಪಿಟಕ್ ಅನ್ನದೆ ಆ ಹೆಸರನ್ನ ಕೆನ್ನೆಯೊಳಗೆ ಒತ್ತರಿಸಿ ಇಟ್ಟುಕೊಂಡಳು. ಅಂದಿನಿಂದ ಉಂಡರೂ ಮಲಗಿದರೂ ಅದು ಅಲ್ಲೇ ಇತ್ತು. ಯಾರ ಮುಂದೆಯೂ ಆಡಿರಲಿಲ್ಲ.

“ಬಾಯಿ ತೆಗಿ ಅಜ್ಜಿ” ಅಂದ ಭಟ.

“ಈಗ ಆಡ್ತಿರೋದು ಬಿಟ್ಟು ಎಲ್ಲ ಕೊಟ್ಟಾಯ್ತಲ್ಲಪ್ಪ.”

“ಕೆನ್ನೆ ಉಬ್ಬಿದೆ.”

“ಅದು ಇನ್ನೂ ಯಾರೂ ಆಡಿದ ಮಾತಲ್ಲ ಕಣಪ್ಪ. ಮೊಮ್ಮಗಳ ಹೆಸರು. ಅದೊಂದು ಬಿಟ್ಟುಬಿಡು.”

ಭಟನಿಗೂ ಮನೆಯಲ್ಲಿ ಮಕ್ಕಳಿದ್ದರು. ಆದರೆ ರಾಜನ ಅಪ್ಪಣೆ. ಹೆಸರು ತೆಗೆದು ಮೊರಕ್ಕೆ ಹಾಕಿದ. ಅಜ್ಜಿ ಬೈಯೋಣ ಅಂತ ಬಾಯಿ ತೆರೆದಳು. ಬೈಗುಳವೂ, ಆಗಷ್ಟೇ ಆಡಿದ ಮಾತುಗಳೂ ಮೊರದಲ್ಲಿದ್ದವು. ಅವಳ ಬಾಯಿಂದ ಬಂದದ್ದು “ಸೆಟ್” ಅಂತ ಅಷ್ಟೇ. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಕೋಪಕ್ಕೂ ಬಂತು, ಸಂಕಟಕ್ಕೂ ಬಂತು.

ಸಂಜೆಗೆ ಟ್ರಂಕು ತುಂಬಿತು. ವ್ಯಾಪಾರಿ ಪ್ರಾಮಾಣಿಕ, ಒಂದೂ ಬಿಡದೆ ಅಂದವನು ತಾನು ಕೈಬದಲು ತಂದಿದ್ದ ನಾಲ್ಕು ಮಾತನ್ನೂ ಒಳಗೆ ಹಾಕಿ ಬೀಗ ಜಡಿದ. ಗಾಡಿ ಹತ್ತಿ ಎತ್ತಿಗೆ “ಸೆಟ್” ಅಂದ. ಎತ್ತುಗಳು ಕೂತವು. ಜೋರಾಗಿ “ಸೆಟ್” ಅಂದ. ಎತ್ತುಗಳು ಕಾಲು ಚಾಚಿ ಮಲಗಿದವು. ಅವುಗಳನ್ನ ಎಬ್ಬಿಸೋ ಮಾತು ಟ್ರಂಕಿನಲ್ಲಿತ್ತು. ಬೀಗ ತೆಗೆದರೆ ಉಳಿದವೂ ಓಡಿಹೋಗ್ತಾವೆ ಅಂತ ಭಯ. ತನ್ನ ದೇಶದಿಂದ ‘ಸೆಟ್’ ಅಂದರೆ ನಡೆಯೋ ಹೇಸರಗತ್ತೆ ಬರಲಿ ಅಂತ ಟೊಪ್ಪಿಗೆಯನ್ನೇ ಕಳಿಸಿದ. ಟೊಪ್ಪಿಗೆ ಉರುಳಿಕೊಂಡು ಹೊರಟಿತು.

ಇತ್ತ ಊರಿನ ಪಾಡು ಏನು ಹೇಳಲಿ. ಆ ಬಡಕಲು ಮಾತಿಗೆ ಕೂರೋಕೂ ಬಿಡುವಿಲ್ಲ. ವೈದ್ಯ ಮುರಿದ ಕಾಲು ನೋಡಿ “ಸೆಟ್” ಅಂದರೆ ಹೆಂಡತಿ ಬಂದು ಕಾಲಿನ ಮೇಲೆ ದೋಸೆ ಹಾಕಿ ಹೋದಳು. ಹುಡುಗಿ ನೋಡೋಕೆ ಹೋದವರು “ಸೆಟ್” ಅಂದರೆ ಅವರ ಕೈಗೆ ಯಾರದ್ದೋ ಹಲ್ಲು ಕೊಟ್ಟು ಕಳಿಸಿದರು. ಇದೆಲ್ಲ ಹೋಗಲಿ ಅಂದರೆ ಸೂರ್ಯ. ಯಾವ ಮನೆಯಾಕೆ ಮೊಸರಿಗೆ ಹೆಪ್ಪು ಹಾಕಿ “ಸೆಟ್” ಅಂದರೂ, ತನಗೇ ಹೇಳಿದ್ದು ಅಂತ ಸೂರ್ಯ ದಡಬಡ ಮುಳುಗುತ್ತಿದ್ದ. ಆಮೇಲೆ ನಾಚಿಕೊಂಡು ಮತ್ತೆ ಬರುತ್ತಿದ್ದ. ಕೋಳಿಗಳು ಕೂಗಿ ಕೂಗಿ ಗಂಟಲು ಕಟ್ಟಿಕೊಂಡವು.

ಏ, ನೀನು ಆಕಳಿಸಬೇಡ ಕಣೋ. ರಾಜನ ವಿಷಯ ಕೇಳು. ರಾಜನಿಗೆ ಬಾಯಾರಿತು. ನೀರು ಕೇಳೋಕೆ “ಸೆಟ್” ಅಂದ. ಕ್ಷೌರದವನು ಕತ್ತರಿ ತಂದು ಮೀಸೆಯನ್ನ ಸೆಟ್ ಮಾಡಿದ. ಎಡಗಡೆಯದು ನೆಲಕ್ಕೆ ಬಿತ್ತು. ರಾಜ ಹೌಹಾರಿ “ಸೆಟ್, ಸೆಟ್” ಅಂತ ಕೂಗಿದ. ಇನ್ನೂ ಬೇಕೇನೋ ಅಂತ ಬಲಗಡೆಯದನ್ನೂ ತೆಗೆದ.

ಮುದ್ದಜ್ಜಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಅವಳ ಚಿಂತೆ ಒಂದೇ. ಹೆಸರಿಡೋ ದಿನ ಮುಂದೆ ಹಾಕೋ ಹಾಗಿಲ್ಲ. ಅವತ್ತು ಮಗುವಿನ ಕಿವಿಯಲ್ಲಿ ಏನು ಹೇಳ್ತೀವೋ ಅದೇ ಹೆಸರು, ಸಾಯೋವರೆಗೆ ಬದಲಾಗಲ್ಲ. ಊರಲ್ಲಿ ಉಳಿದಿರೋದು ಒಂದೇ ಮಾತು. ಆ ಮಾತನ್ನ ಕಿವಿಗೆ ಹಾಕಿದರೆ ಮಗುವಿನ ಗತಿ? ಮೊಸರಿನ ಜೊತೆ ಹೆಪ್ಪಾಗಬೇಕು. ಮೂಳೆ ಮುರಿದವರ ಮನೆಗೆಲ್ಲ ಓಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಸಂಜೆ ಸೂರ್ಯನ ಜೊತೆ ಮಗುವೂ ಮುಳುಗಿಬಿಟ್ಟರೆ? ಸೂರ್ಯನಿಗೆ ವಾಪಸ್ಸು ಬರೋ ದಾರಿ ಗೊತ್ತು. ಈ ಹಸುಗೂಸಿಗೆ ಏನು ಗೊತ್ತು?

ಅಜ್ಜಿ ತೊಟ್ಟಿಲ ಪಕ್ಕ ಕೂತು ಅತ್ತಳು. ಆಮೇಲೆ ಮುಖ ತೊಳೆದು ಎದ್ದಳು. ಬಾಯಿಗೆ ಮಾತಿಲ್ಲದಿದ್ದರೆ ಏನಾಯ್ತು, ಕೈ ಇದೆಯಲ್ಲ. ಕಡಲೆಬೇಳೆ ನೆನೆಹಾಕಿದಳು. ಬೆಲ್ಲ ಕುಟ್ಟಿದಳು. ಅಕ್ಷತೆ ಬಟ್ಟಲು ಹಿಡಿದು ಮೊದಲು ಅರಮನೆಗೆ, ಆಮೇಲೆ ವ್ಯಾಪಾರಿಯ ಬಿಡಾರಕ್ಕೆ ಹೋದಳು. ಅಕ್ಷತೆ ಕೈಗೆ ಕೊಟ್ಟು ಕರೆದರೆ ಊಟಕ್ಕೆ ಬರಬೇಕು. ವ್ಯಾಪಾರಿ ಬರಲ್ಲ ಅನ್ನೋಕೆ “ಸೆಟ್” ಅಂದ. ಒಪ್ಪಿಕೊಂಡ ಅಂತ ಅಜ್ಜಿ ವಾಪಸ್ಸು ಬಂದಳು.

ಹೆಸರಿಡೋ ದಿನ ಬಂತು. ಅದೇ ದಿನ ಟೊಪ್ಪಿಗೆ ಎರಡು ಹೇಸರಗತ್ತೆ ಕರೆದುಕೊಂಡು ಬಂತು. ಊಟ ಮುಗಿದ ಕೂಡಲೇ ಹೊರಡೋದು ಅಂತ ವ್ಯಾಪಾರಿ ಅವನ್ನ ಚಪ್ಪರದ ಕಂಬಕ್ಕೇ ಕಟ್ಟಿದ. ಟ್ರಂಕನ್ನ ಪಕ್ಕದಲ್ಲೇ ಇಟ್ಟುಕೊಂಡು, ಅದರ ಮೇಲೊಂದು ಮೊಣಕೈ ಊರಿ ಪಂಕ್ತಿಯಲ್ಲಿ ಕೂತ. ಎದುರಿಗೆ ರಾಜ, ಮೂಗಿನ ಕೆಳಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಮೊದಲು ಕೋಸಂಬರಿ, ಪಲ್ಯ, ಅನ್ನ, ಹುಳಿ. ಆಮೇಲೆ ಒಬ್ಬಟ್ಟು, ಒಬ್ಬಟ್ಟಿನ ಮೇಲೆ ತುಪ್ಪ. ವ್ಯಾಪಾರಿ ಒಂದು ತಿಂದ. ಕಣ್ಣು ಮುಚ್ಚಿಕೊಂಡ. ಎರಡು ತಿಂದ. ಮೂರನೆಯದು ಮುಗಿಸಿ ಹೊಟ್ಟೆ ಸವರಿಕೊಂಡು, ಆಯ್ತು ಅನ್ನೋ ಹಾಗೆ “ಸೆಟ್” ಅಂದ.

ಅಂದದ್ದೇ ತಡ, ಸೂರ್ಯ ಮುಳುಗಿದ.

ಸೂರ್ಯ ಮುಳುಗಿದ ಅಂದಮೇಲೆ ಮಧ್ಯಾಹ್ನದ ಊಟ ಮುಗಿಯಿತು, ರಾತ್ರಿ ಊಟದ ಹೊತ್ತಾಯಿತು. ಅತಿಥಿಯನ್ನ ರಾತ್ರಿ ಉಪವಾಸ ಕಳಿಸೋದುಂಟೇ? ಅಜ್ಜಿ ದೀಪ ಹಚ್ಚಿಸಿ, ಎಲೆಗೆ ನೀರು ಚಿಮುಕಿಸಿ, ಕೋಸಂಬರಿಯಿಂದ ಮತ್ತೆ ಶುರು ಮಾಡಿದಳು. ವ್ಯಾಪಾರಿ ಗಾಬರಿಯಾಗಿ “ಸೆಟ್, ಸೆಟ್” ಅಂದ. ಸೂರ್ಯ ಎದ್ದುಬಂದು ಮತ್ತೆ ಮುಳುಗಿದ. ಇನ್ನೊಂದು ದಿನ, ಇನ್ನೊಂದು ಊಟ. ಎಲೆಗೆ ಎರಡೂ ಕೈ ಅಡ್ಡ ಇಟ್ಟ. ಬೆರಳ ಸಂದಿಯಲ್ಲಿ ಪಾಯಸ ಇಳಿಯಿತು. ಏಳೋಕೆ ನೋಡಿದ. ಅಕ್ಕಪಕ್ಕದವರು ಅಂಗಿ ಹಿಡಿದು ಕೂರಿಸಿದರು.

ಅವನ ಹೊಟ್ಟೆ ಉಬ್ಬಿತು. ಅಂಗಿಯ ಗುಂಡಿ ಹಾರಿ ಹುಳಿಯ ಪಾತ್ರೆಗೆ ಬಿತ್ತು. ಆಗ ಅವನಿಗೆ ಹೊಳೆಯಿತು. ಈ ಊರಲ್ಲಿ ಊಟ ನಿಲ್ಲಿಸೋಕೆ ಒಂದು ಮಾತಿದೆ, ಅದು ನನ್ನ ಟ್ರಂಕಿನಲ್ಲೇ ಇದೆ.

ಬೀಗ ತೆಗೆದು ಮುಚ್ಚಳವನ್ನ ಒಂದು ಬೆರಳಷ್ಟು ಎತ್ತಿ, ಕೈ ತೂರಿಸಿ ತಡಕಾಡಿದ. ಸಿಕ್ಕಿದ ಮಾತು ಬಾಯಿಗೆ ಹಾಕಿಕೊಂಡು ಆಡಿದ, “ಸಾರು.”

ಅಜ್ಜಿ ಸಾರು ಬಡಿಸಿದಳು.

ಮತ್ತೆ ತಡಕಾಡಿದ. “ತುಪ್ಪ.” ತುಪ್ಪ ಬಂತು. ಮತ್ತೆ ತಡಕಾಡಿದ. “ಇನ್ನೊಂದು.” ಇನ್ನೊಂದು ಬಂತು. ಬೆವರು ಒರೆಸಿಕೊಂಡು ಆಳಕ್ಕೆ ಕೈ ಹಾಕಿ ಎಳೆದ. “ಬೇಕು.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ. ಅವನ ಬಾಯಿಂದ ಬಿದ್ದ ಮಾತು ಮತ್ತೆ ಟ್ರಂಕಿಗೆ ಹೋಗಲಿಲ್ಲ, ಚಪ್ಪರದಲ್ಲೇ ಉಳಿಯಿತು. ಅಜ್ಜಿ ಅವನ್ನೇ ಆರಿಸಿಕೊಂಡು ಬಾಗಿ ಕೇಳಿದಳು, “ಬೇಕು? ಇನ್ನೊಂದು? ತುಪ್ಪ?” ಎಷ್ಟು ದಿನದ ಮೇಲೆ ಕೇಳಿದ ಮಾತು. ಪಂಕ್ತಿಯಲ್ಲಿ ಕೂತವರ ಕಣ್ಣಲ್ಲಿ ನೀರಾಡಿತು. ಎಲ್ಲರೂ ಒಟ್ಟಿಗೆ “ಬೇಕು, ಬೇಕು” ಅಂದರು.

ವ್ಯಾಪಾರಿಗೆ ಇನ್ನು ತಡೆಯಲಾಗಲಿಲ್ಲ. ಅಜ್ಜಿಯ ಕೈಯಲ್ಲಿ ಮತ್ತೊಂದು ಒಬ್ಬಟ್ಟು ಬರ್ತಾ ಇದೆ. ಮುಚ್ಚಳವನ್ನ ಪೂರ್ತಿ ಎತ್ತಿ, ಟ್ರಂಕಿನೊಳಗೆ ತಲೆ ಹಾಕಿ, ತಳದವರೆಗೆ ಬಾಗಿದ.

ತಗೊಳ್ಳಿ. ಮೊದಲು ಹಾರಿದ್ದು ‘ಅಯ್ಯೋ’. ಅದರ ಹಿಂದೆ ‘ಬೇಗ’. ‘ಗಡಿಗೆ’ ಗಡಿಗೆಯ ಕಡೆ ಓಡಿತು, ‘ಮಡಕೆ’ ಮಡಕೆಯ ಕಡೆ ಓಡಿತು. ಬೈಗುಳಗಳು ಹಿಂಡು ಹಿಂಡಾಗಿ ಬಂದು ತಮ್ಮ ತಮ್ಮ ಯಜಮಾನರ ನಾಲಿಗೆ ಮೇಲೆ ಕೂತವು. ಹಸುವಿಗೆ ಹಸು ಸಿಕ್ಕಿತು, ಹಾಲಿಗೆ ಹಾಲು ಸಿಕ್ಕಿತು. ಎತ್ತು ಎಬ್ಬಿಸೋ ಮಾತು ಹಾರಿಹೋಗಿ ಕಿವಿ ಮುಟ್ಟಿದ್ದೇ, ಬಿಡಾರದಲ್ಲಿ ಮಲಗಿದ್ದ ಎತ್ತುಗಳು ಎದ್ದು ನಿಂತವು. ಊರಿಗೆ ಊರೇ ಮಾತಾಡಿತು. ಯಾರು ಕೇಳ್ತಾ ಇದ್ದಾರೆ ಅಂತ ಯಾರೂ ನೋಡಲಿಲ್ಲ, ಮಾತಾಡಿದರು ಅಷ್ಟೇ.

ಟ್ರಂಕಿನ ತಳದಿಂದ ವ್ಯಾಪಾರಿಯ ದನಿ ಬಂತು. “ಸಾಕು.”

ಅಜ್ಜಿಯ ಕೈ ಅಲ್ಲೇ ನಿಂತಿತು. ಒಬ್ಬಟ್ಟು ತಟ್ಟೆಗೆ ವಾಪಸ್ಸು ಹೋಯಿತು.

“ಮೊದಲೇ ಹೇಳಬಾರದಿತ್ತೇನಪ್ಪ?” ಅಂದಳು. “ನಾವೇನು ಬಲವಂತ ಮಾಡ್ತೀವಾ?”

ವ್ಯಾಪಾರಿಯನ್ನ ಹೇಸರಗತ್ತೆಯ ಮೇಲೆ ಹೇರಿ ಕಳಿಸಿದರು. ಖಾಲಿ ಕೈಯಲ್ಲಿ ಕಳಿಸಲಿಲ್ಲ, ದಾರಿಗೆ ಅಂತ ಒಬ್ಬಟ್ಟಿನ ಗಂಟು ಕಟ್ಟಿಕೊಟ್ಟರು. ಅದನ್ನ ನೋಡಿಯೇ ಅವನು ಕಣ್ಣು ಮುಚ್ಚಿಕೊಂಡ.

ಆ ಬಡಕಲು ಮಾತು? ಅದು ಎಲೆಗಳ ಮಧ್ಯೆ ಬಿದ್ದು ಏದುಸಿರು ಬಿಡುತ್ತಿತ್ತು. ಮಂತ್ರಿ ಒದ್ದು ಓಡಿಸೋಣ ಅಂದ. “ಇರಲಿ ಬಿಡಿ ಸ್ವಾಮಿ, ಅದೇನು ಮಾಡ್ತು? ಒಬ್ಬರ ತಲೆ ಮೇಲೆ ಊರ ಹೊರೆ ಹೊರಿಸಿದ್ದು ನಾವು” ಅಂದಳು ಅಜ್ಜಿ. ಮಡಿಲಿಗೆ ಹಾಕಿಕೊಂಡು ತುಪ್ಪ ನೆಕ್ಕಿಸಿದಳು. ತುದಿ ಚುಚ್ಚಿತು ಅಂತ ಅದಕ್ಕೊಂದು ಮೆತ್ತನೆ ಬಾಲ ಹೊಲಿದಳು. ‘ಸೆಟ್ಟು’ ಆಯಿತು. ಬಳೆಗೆ, ದೋಸೆಗೆ, ಪಂಪಿಗೆ ಅಂತ ಕೈಲಾದಷ್ಟು ಕೆಲಸ ಕೊಟ್ಟರು. ಸೂರ್ಯನ ತಂಟೆಗೆ ಹೋಗಬೇಡ ಅಂತ ಹೇಳಿದರು. ಅದು ಈಗಲೂ ಅಲ್ಲೇ ಇದೆ, ಮೈಕೈ ತುಂಬಿಕೊಂಡಿದೆ.

ಇನ್ನು ಹೆಸರು. ಎಲ್ಲ ಮಾತೂ ಹೋದರೂ ಟ್ರಂಕಿನ ಮೂಲೆಯಲ್ಲಿ ಅದೊಂದು ಉಳಿದಿತ್ತು. ಯಾರೂ ಆಡಿದ ಮಾತಲ್ಲವಲ್ಲ, ಯಾರ ಹತ್ತಿರ ಹೋಗಬೇಕು ಅಂತ ಅದಕ್ಕೆ ಗೊತ್ತಿರಲಿಲ್ಲ. ಅಜ್ಜಿ ಕೈ ತೊಳೆದು ಬಂದು ಅದನ್ನ ಎತ್ತಿ ಕೆನ್ನೆಯೊಳಗೆ ಇಟ್ಟುಕೊಂಡಳು. ತೊಟ್ಟಿಲ ಮೇಲೆ ಬಾಗಿದಳು. ಮಗುವಿನ ಕಿವಿಯಲ್ಲಿ ಹೇಳಿದಳು.

ಆಮೇಲೆ ತಲೆ ಎತ್ತಿ ಎಲ್ಲರಿಗೂ ಕೇಳೋ ಹಾಗೆ ಹೇಳಿದಳು, “ಪುಂಬಾಲಿ.”

ಚೆಲುವಿ “ಪುಂಬಾಲಿ” ಅಂದಳು. ವೈದ್ಯ ಅಂದ, ಭಟ ಅಂದ, ಮಂತ್ರಿ ಅಂದ. ಬೀದಿಯವರೆಗೆ ಹೋಯಿತು ಆ ಹೆಸರು. ಬಾಯಿ ತುಂಬ ಒಂದು ಮಾತು ಆಡೋದು ಎಷ್ಟು ಸುಖ ಅಂತ ಆ ಊರಿಗೆ ಅವತ್ತು ಗೊತ್ತಾಯಿತು.

ರಾಜ ಎದ್ದು ತೊಟ್ಟಿಲ ಹತ್ತಿರ ಬಂದ. “ಅಜ್ಜಿ, ಈ ಮಾತು ನಾನು ಕೇಳೇ ಇಲ್ಲ. ಇದಕ್ಕೆ ಅರ್ಥ ಎಷ್ಟು?”

“ಇವತ್ತು ಬೆಳಿಗ್ಗೆವರೆಗೆ ಒಂದೂ ಇರಲಿಲ್ಲ ಬುದ್ಧಿ” ಅಂದಳು ಮುದ್ದಜ್ಜಿ. ಮಗುವನ್ನ ಎತ್ತಿ ಅವನ ತೋಳಿಗೆ ಹಾಕಿದಳು. “ಈಗ ಇದೊಂದೇ. ಹುಷಾರಾಗಿ ಹಿಡಕೊಳ್ಳಿ.”

ಕತೆ ಅಲ್ಲಿಗೆ ಉಂಡು ಎದ್ದಿತು. ನೀತಿ ಬೇಕು ಅನ್ನುವವರು ಕೇಳಿಸಿಕೊಳ್ಳಿ: ಬೇರೆ ಊರಿನ ಪಂಕ್ತಿಯಲ್ಲಿ ಕೂರುವ ಮೊದಲು ಸಾಕು ಅನ್ನೋದಕ್ಕೆ ಅಲ್ಲಿ ಏನಂತಾರೆ ಅಂತ ಕಲಿತಿರಬೇಕು. ನೀತಿ ಬೇಡ ಅನ್ನುವವರು ಎಲೆ ಎತ್ತಿ, ಜಾಗ ಒರೆಸಬೇಕು.